ಇಪ್ಪತ್ಮೂರನೆಯ ಕಂದಕದಾಚೆ

ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ ಬ್ಲೈತ್ ಮನೆತನದ ಹೊಲದಲ್ಲಿ ಮನೆಗಳೇಳುವುದು ಖಾತ್ರಿಯಾದಾಗ ಎನಿಡ್ ಬ್ಲೈತ್‌ಳಿಗೆ ಎಪ್ಪತ್ತೆಂಟು. ಮದುವೆಯ ಗೊಡವೆಗೆ ಹೋಗದೆ, ತಬ್ಬಲಿ ಕುರಿಮರಿಗಳಿಗೆ ಬಾಟಲಿ ಹಾಲು ಕುಡಿಸುತ್ತ, ತಮ್ಮ ವಿಲ್ಫನ ಮನೆಯಲ್ಲೇ ಆಯುಸ್ಸು ಸವೆಸಿದವಳು. ಬಾಯಿಬಿಡದ ಹೆಂಗಸು ಎಂದು ಊರವರಿಗೆ ತಮಾಷೆ. ಬಾಯಿಬಿಡಬಾರದೆಂದು ಏಳನೆಯ ವಯಸ್ಸಿಗೇ ಅಪ್ಪ ಆಣೆ ಹಾಕಿಸಿದ್ದು ಯಾರಿಗೆ ಗೊತ್ತು?

ಸತ್ತೇ ಹುಟ್ಟಿದ ತಂಗಿಯನ್ನು ಅಪ್ಪ ಬೂಟಿನ ಪೆಟ್ಟಿಗೆಯಲ್ಲಿಟ್ಟು ಹೊಲದ ಬೇಲಿಮೂಲೆಯಲ್ಲಿ ಹೂತಿದ್ದ. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನಂಗಳದಲ್ಲಿ ಜಾಗವಿಲ್ಲವೆಂದು ಅವನು ನಂಬಿದ್ದ. ಪೆಟ್ಟಿಗೆ ಹೊತ್ತವಳು ಎನಿಡ್. ವಿಲ್ಫ್ ಆಗಿನ್ನೂ ಹುಟ್ಟಿರಲಿಲ್ಲ.

ಮನೆ ಕಟ್ಟುವ ಮೊದಲು ನೆಲದಡಿ ಹಳೆಯದೇನಾದರೂ ಇದೆಯೇ ಎಂದು ನೋಡುವ ಪುರಾತತ್ವದವರು ಬಂದರು. ಉದ್ದುದ್ದ ಮೂವತ್ತು ಕಂದಕ ತೋಡುತ್ತಾರೆ, ನಡುವಿನ ನೆಲ ಮುಟ್ಟುವುದಿಲ್ಲ. ತಂಗಿ ಕೈಗೆ ಸಿಕ್ಕಿಬಿಟ್ಟರೆ ಎಂದು ಎನಿಡ್‌ಗೆ ಹೆದರಿಕೆ. ಚಹಾ ಕೊಡುವ ನೆಪದಲ್ಲಿ ದಿನವೂ ಕಾವಲು ನಿಂತಳು. ಯಂತ್ರದ ಬಕೆಟ್ಟಿಗೆ ಹಲ್ಲೇ ಇಲ್ಲ, ಮಣ್ಣನ್ನು ತೆಳ್ಳಗೆ ಹೆರೆಯುತ್ತಿತ್ತು. ರೊಸಾಲಿಂಡ್ ಎಂಬ ಹುಡುಗಿ ಒಂದು ಕಂದು ಕಲೆಯ ಮುಂದೆ ಮಂಡಿಯೂರಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕರಣೆಯಲ್ಲಿ ಕೆರೆದಳು. ಅದು ಕೊಳೆತ ಮರದ ಬೇರಿನ ಗುರುತು, ಅಷ್ಟೇ.

ಇಪ್ಪತ್ಮೂರನೆಯ ಕಂದಕ ತಂಗಿಯಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತಿತು.

"ಇಲ್ಲೂ ಏನಿಲ್ಲ," ಎಂದಳು ರೊಸಾಲಿಂಡ್.

ವಿಲ್ಫ್ ಕೈ ಉಜ್ಜಿಕೊಂಡ. "ಸದ್ಯ. ಮುಂದಿನ ತಿಂಗಳು ಮನೆ ಕಟ್ಟೋರ ಹಲ್ಲಿರೋ ಯಂತ್ರ ಬರುತ್ತೆ. ಅವರಿಗೆ ಹಿಂಗೆ ಮಣ್ಣು ಮೂಸ್ತಾ ಕೂರೋ ಪುರುಸೊತ್ತಿಲ್ಲ."

ನಿಟ್ಟುಸಿರು ಬಿಡಬೇಕಾದವಳಿಗೆ ಆ ಹಲ್ಲುಗಳಡಿ ತಂಗಿ ಚೂರಾಗುವುದು ಕಣ್ಣಿಗೆ ಬಂತು. ಇಷ್ಟು ದಿನ ಹೆದರಿದ್ದು ತಪ್ಪು ಜನರಿಗೆ.

"ಇನ್ನು ನಾಲ್ಕು ಹೆಜ್ಜೆ ತೆಗೀಮ್ಮ," ಎಂದಳು.

"ನಕ್ಷೇಲಿ ಇಷ್ಟೇ ಇರೋದು, ಮಿಸ್ ಬ್ಲೈತ್. ಕಾರಣ ಇಲ್ದೆ ಮುಂದಕ್ಕೆ ಹೋಗೋ ಹಾಗಿಲ್ಲ."

"ನಿಂಗೇನು ಎನಿಡ್, ರೋಮನ್ನರ ಚಿನ್ನ ಬೇಕಾ?" ವಿಲ್ಫ್ ನಕ್ಕ.

ಎನಿಡ್‌ಗೆ ಸತ್ತ ಅಪ್ಪನ ಮೇಲೆ ಸಿಟ್ಟು ಬಂತು, ಜೀವಮಾನದಲ್ಲಿ ಮೊದಲ ಸಲ.

"ನಿನ್ನ ಅಕ್ಕ ಇದಾಳೆ ಅಲ್ಲಿ. ನಾನಲ್ಲ, ಇನ್ನೊಬ್ಬಳು."

ಯಂತ್ರದ ಡ್ರೈವರ್ ಎಂಜಿನ್ ಆರಿಸಿದ. ಬೂಟಿನ ಪೆಟ್ಟಿಗೆಯ ಕಥೆಯೆಲ್ಲ ಹೊರಬಿತ್ತು. ವಿಲ್ಫ್ ಟೋಪಿ ತೆಗೆದ.

"ಹೆಸರೇನು ಅವಳ್ದು?"

"ಇಡ್ಲೇ ಇಲ್ಲ."

ರೊಸಾಲಿಂಡ್ ಮೆಲ್ಲಗೆ ಹೇಳಿದಳು: "ಮೊದಲು ಮೇಲಿನವರ ಅನುಮತಿ ತರ್ತೀನಿ. ಆದ್ರೆ ಇಷ್ಟು ವರ್ಷ ಆದ್ಮೇಲೆ ಏನೂ ಉಳಿದಿರಲ್ವೇನೋ. ಬರೀ ಒಂದು ಕಲೆ ಸಿಗಬಹುದು."

"ಬೇರಿನ ಕಲೆಗೆ ಬೆಳಗೆಲ್ಲ ಕೂತಿದ್ಯಲ್ಲಮ್ಮ," ಎಂದಳು ಎನಿಡ್. "ಇವಳಿಗೂ ಹಂಗೇ ಕೂರು."