ಹೂಂ ಅನ್ನುವ ಗಾಜು, ಊಹೂಂ ಅನ್ನುವ ಗಾಜು

ಕಣ್ಣಾಸ್ಪತ್ರೆಯ ಹಿಂಭಾಗದಲ್ಲಿ ಕನ್ನಡಕ ತಯಾರಿಸುವ ಕೋಣೆ. ಅಲ್ಲಿ ಹನ್ನೊಂದು ವರ್ಷದಿಂದ ಲೆನ್ಸ್ ಒರೆಸಿ, ಲಕೋಟೆಗೆ ಹಾಕಿ, ಮೇಲೆ ನಂಬರು ಬರೆದಿಡುತ್ತಿದ್ದವಳಿಗೆ ಎಲ್ಲರೂ ಇಟ್ಟ ಹೆಸರು ಫಳಫಳಕ್ಕ. ಅವಳು ಒರೆಸಿದ ಗಾಜಿನ ಮೇಲೆ ನೊಣ ಕೂತರೂ ಜಾರಬೇಕು. ಆದರೆ ಅವಳ ಕಣ್ಣು ಮಾತ್ರ ಕಿಟಕಿ ಪಕ್ಕದ ಮೇಜಿನ ಮೇಲೆ. ಅಲ್ಲಿ ಮಿಸ್ತ್ರಿಗಳೊಬ್ಬರು ಕೂತು ಗಾಜಿನ ಪವರ್ ನೋಡಿ, ಅಂಚು ತೇಯ್ದು, ಫ್ರೇಮಿಗೆ ಕೂರಿಸುತ್ತಿದ್ದರು. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಆ ಕುರ್ಚಿ ತನಗೇ ಬೇಕೆಂದು ಫಳಫಳಕ್ಕ ನಲವತ್ನಾಲ್ಕನೇ ವಯಸ್ಸಿನಲ್ಲಿ ಅರ್ಜಿ ಹಾಕಿದಳು.

ಮ್ಯಾನೇಜರು ಷರತ್ತು ಹೇಳಿದರು. ಇಪ್ಪತ್ತು ಲೆಕ್ಕದ ಪರೀಕ್ಷೆ, ಹದಿನಾರು ಸರಿ ಬರಬೇಕು. ಎರಡೇ ಸಲ ಬರೆಯಬಹುದು. ಎರಡನೇ ಸಲವೂ ಆಗದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆ. ಇವಳು ಸಾಯುವ ತನಕ ಒರೆಸುತ್ತಿರಬಹುದು.

ಲೆಕ್ಕವೆಲ್ಲ ಪ್ಲಸ್ಸು ಮೈನಸ್ಸು ಕೂಡುವುದು. ಅದಕ್ಕೆ ಕಾರಣವಿತ್ತು. ದೂರ ನೋಡಲು ಮೈನಸ್ ಮೂರು, ಓದಲು ಅದಕ್ಕೆ ಪ್ಲಸ್ ಎರಡು ಸೇರಿಸಿ ಎಂದು ಡಾಕ್ಟರು ಬರೆದರೆ, ಕನ್ನಡಕದ ಕೆಳಭಾಗ ಮೈನಸ್ ಒಂದು ಆಗಬೇಕು. ಫಳಫಳಕ್ಕ ಮೊದಲ ಪರೀಕ್ಷೆಯಲ್ಲಿ ಅದನ್ನು ಮೈನಸ್ ಐದು ಎಂದು ಬರೆದಳು. ಹಾಗೆ ಕನ್ನಡಕ ಮಾಡಿದ್ದರೆ, ಹಾಕಿಕೊಂಡವರು ಪುಸ್ತಕ ತೆರೆದ ಕೂಡಲೇ ತಲೆ ಸುತ್ತಿ ಮತ್ತೆ ಅದೇ ಆಸ್ಪತ್ರೆಗೆ ಬರುತ್ತಿದ್ದರು.

"ಎಷ್ಟು ಬಂತಮ್ಮಾ?" ಮಿಸ್ತ್ರಿಗಳು ಕೇಳಿದರು.

"ಒಂಬತ್ತು."

"ಇಪ್ಪತ್ತಕ್ಕಾ?"

"ಒಂಬತ್ತಕ್ಕೆ ಒಂಬತ್ತು ಮಿಸ್ತ್ರಿಗಳೇ. ಮಿಕ್ಕ ಹನ್ನೊಂದರ ಕಡೆ ನಾನು ಹೋಗಲೇಬಾರದಿತ್ತು."

ಅವರು ಉತ್ತರಪತ್ರಿಕೆ ಇಸಿದುಕೊಂಡು ಓದಿದರು. ಒಂದು ಕಡೆ ಬೆರಳು ನಿಂತಿತು. "ಮೈನಸ್ ಎರಡು, ಮೈನಸ್ ಮೂರು ಸೇರಿ ಪ್ಲಸ್ ಐದಾ? ಯಾರು ಹೇಳಿದ್ದು?"

ಹೇಳಿದ್ದು ಅಣ್ಣನ ಮಗಳು, ಏಳನೇ ಕ್ಲಾಸು. "ಅತ್ತೇ, ತುಂಬಾ ಈಜಿ. ಮೈನಸ್ಸು ಮೈನಸ್ಸು ಪ್ಲಸ್ಸು. ನಮ್ಮ ಮಿಸ್ ಹೇಳಿದ್ದಾರೆ" ಅಂದಿದ್ದಳು. ಮಿಸ್ ಹೇಳಿದ್ದರ ಮೇಲೆ ಅಪೀಲು ಉಂಟೇ?

ಮಿಸ್ತ್ರಿಗಳು ಪುಸ್ತಕ ತೆಗೆಯಲಿಲ್ಲ. ಕಣ್ಣು ಪರೀಕ್ಷೆಯ ಹಳೆಯ ಲೆನ್ಸ್ ಪೆಟ್ಟಿಗೆ ತೆಗೆದರು. ಒಂದು ಗಾಜು ಕೊಟ್ಟರು. "ಇದರೊಳಗಿಂದ ಬಾಗಿಲಿನ ಚೌಕಟ್ಟು ನೋಡು. ಗಾಜನ್ನ ಮೆಲ್ಲಗೆ ಬಲಕ್ಕೆ ಸರಿಸು. ಬಾಗಿಲು ಎತ್ತ ಹೋಯ್ತು?"

"ಬಲಕ್ಕೇ ಹೋಯ್ತು."

"ಅದು ಮೈನಸ್. ನಿನ್ನ ಕೈ ಹೋದ ಕಡೆಗೆಲ್ಲ ಹೂಂ ಅಂತ ಹಿಂದೇನೇ ಬರುತ್ತೆ. ಈಗ ಇದು."

"ಅಯ್ಯೋ, ಎಡಕ್ಕೆ ಹೋಯ್ತು!"

"ಅದು ಪ್ಲಸ್. ಏನು ಹೇಳಿದರೂ ಊಹೂಂ."

"ಹಾಗಾದ್ರೆ ನಮ್ಮನೆಯವರು ಪ್ಲಸ್ಸು."

"ಅವರನ್ನ ಕೇಳಿದ್ರೆ ನೀನೇ ಪ್ಲಸ್ಸು ಅಂತಾರೆ. ಮುಂದೆ ನೋಡು."

ಮೈನಸ್ ಮೂರರ ಮೇಲೆ ಪ್ಲಸ್ ಮೂರು ಇಟ್ಟಳು. ಕೈ ಎಷ್ಟು ಆಡಿಸಿದರೂ ಬಾಗಿಲು ಕಂಬದ ಹಾಗೆ ನಿಂತಿತು. ಮೂರು ಹೂಂ, ಮೂರು ಊಹೂಂ. ಜೋಡಿ ಜೋಡಿಯಾಗಿ ಹೊಡೆದುಹೋಗಿ ಸೊನ್ನೆ. ಪ್ಲಸ್ ಮೂರು ತೆಗೆದು ಪ್ಲಸ್ ಎರಡು ಇಟ್ಟಳು. ಬಾಗಿಲು ಚೂರೇ ಚೂರು ಕೈಯ ಜೊತೆ ಬಂತು.

"ಎರಡು ಜೋಡಿ ಹೊಡೆದುಹೋಯ್ತು. ಒಂದು ಹೂಂ ಉಳೀತು," ಅವಳೇ ಹೇಳಿದಳು. "ಮೈನಸ್ ಒಂದು!"

"ಈಗ ನಿನ್ನ ಸೋದರಸೊಸೆಯ ಲೆಕ್ಕ ನೋಡು."

ಮೈನಸ್ ಎರಡು, ಮೈನಸ್ ಮೂರು ಒಂದರ ಮೇಲೊಂದು. ಕೈ ಆಡಿಸಿದಳು. ಬಾಗಿಲು ಎದುರಾಡುವುದಿರಲಿ, ಮೊದಲಿಗಿಂತ ಜೋರಾಗಿ ಕೈಯ ಹಿಂದೆ ಓಡಿ ಬಂತು. ಹೂಂಗೆ ಹೂಂ ಸೇರಿದರೆ ದೊಡ್ಡ ಹೂಂ, ಅಷ್ಟೇ. ಮೈನಸ್ ಐದು.

ಅವತ್ತು ಸಂಜೆ ಸೊಸೆಗೂ ಇದನ್ನೇ ಹೇಳಿದಾಗ, "ಹಾಗಾದ್ರೆ ಮಿಸ್ ಹೇಳಿದ್ದು ಸುಳ್ಳಾ?" ಎಂದು ಹುಡುಗಿ ಮುಖ ಊದಿಸಿಕೊಂಡಳು. ಮರುದಿನ ಹೋಗಿ ವಿಚಾರಿಸಿ ಬಂದು ಮೆತ್ತಗೆ ಅಂದಳು: "ಅದು ಗುಣಾಕಾರಕ್ಕಂತೆ ಅತ್ತೇ. ನಾನು ಅವತ್ತು ಅರ್ಧ ಕೇಳಿಸ್ಕೊಂಡಿದ್ದೆ." ಉಳಿದರ್ಧಕ್ಕೆ ಅತ್ತೆ ಹನ್ನೊಂದರಲ್ಲಿ ಎಷ್ಟೋ ಅಂಕ ತೆತ್ತಿದ್ದಳು.

ಆಮೇಲೆ ಎರಡು ತಿಂಗಳು ಫಳಫಳಕ್ಕ ಊಟದ ಬಿಡುವಿನಲ್ಲಿ ಯಾರ ಕೈಗೂ ಸಿಗಲಿಲ್ಲ. ಐದು ನಿಮಿಷದಲ್ಲಿ ಊಟ ಮುಗಿಸಿ, ಹರಿದ ಲಕೋಟೆಗಳ ಹಿಂಬದಿಯಲ್ಲಿ ದಿನಕ್ಕೆ ಹತ್ತು ಲೆಕ್ಕ. ಮೊದಲು ತಲೆಯಲ್ಲಿ ಮಾಡುವುದು, ಬರೆಯುವುದು, ಆಮೇಲೆ ಗಾಜು ಜೋಡಿಸಿ ಬಾಗಿಲನ್ನು ಸಾಕ್ಷಿ ಕೇಳುವುದು. ಬಾಗಿಲು ಯಾರ ಮುಲಾಜಿಗೂ ಸುಳ್ಳು ಹೇಳುತ್ತಿರಲಿಲ್ಲ. ಮೈನಸ್ ಎಂಟಕ್ಕೆ ಪ್ಲಸ್ ಐದು ಕೂಡಿದಾಗ ಮೂರು ಎಂಬುದು ಥಟ್ಟನೆ ಬರುತ್ತಿತ್ತು. ಆದರೆ ಉಳಿದ ಮೂರು ಯಾರ ಕಡೆಯವು ಎಂಬುದೇ ಮರೆತುಹೋಗುತ್ತಿತ್ತು. ಅದಕ್ಕೆ ಪ್ರತಿ ಲಕೋಟೆಯ ನೆತ್ತಿಯ ಮೇಲೂ "ಯಾರ ಕಡೆಯವರು?" ಎಂದು ಬರೆದುಕೊಂಡಳು.

ಜ್ವರ ಬಂದ ದಿನ ರಜೆ ಹಾಕಿದರೂ ಲಕೋಟೆಗೆ ರಜೆ ಕೊಡಲಿಲ್ಲ. ದರ್ಜಿಯಾದ ಗಂಡ ಹೊಲಿಗೆ ನಿಲ್ಲಿಸಿ, "ಮಲಕ್ಕೊಳ್ಳೇ ಸ್ವಲ್ಪ. ಆ ಕುರ್ಚಿಗೇನು ಕಾಲು ಬಂದು ಓಡಿಹೋಗುತ್ತಾ?" ಎಂದ.

"ಅದಕ್ಕೆ ಆಗಲೇ ನಾಲ್ಕು ಕಾಲಿವೆ ಕಣ್ರೀ. ಹನ್ನೊಂದು ವರ್ಷ ಕಳೆದಿದ್ದೀನಿ. ಇನ್ನು ಕೂಡೋದೇ."

ಎರಡನೇ ಪರೀಕ್ಷೆ ಬರೆದ ನಾಲ್ಕನೇ ದಿನಕ್ಕೆ ಪತ್ರಿಕೆ ಕೈಗೆ ಬಂತು. ಹದಿನೈದು. ಒಂದು ಅಂಕ ಕಡಿಮೆ.

ಫಳಫಳಕ್ಕ ಅಳಲಿಲ್ಲ. ಮೇಜಿನ ಮೇಲೆ ಪತ್ರಿಕೆ ಹರಡಿ ಐದು ಕೆಂಪು ಗೀಟುಗಳನ್ನೂ ಒಂದೊಂದಾಗಿ ನೋಡಿದಳು. ಮೂರು ಕಡೆ ಎರಡೂ ಸಂಖ್ಯೆ ಮೈನಸ್ಸು. ಅವಳು ಬರೆದದ್ದೂ ಮೈನಸ್ಸು. ಮೈನಸ್ ನಾಲ್ಕು, ಮೈನಸ್ ಮೂರು ಸೇರಿ ಮೈನಸ್ ಏಳು. ಮೊದಲ ಸಲ ಪತ್ರಿಕೆ ನೋಡಿದವರು ಬೇರೆ. ಈ ಸಲ ಮ್ಯಾನೇಜರು ತಾವೇ ಅದನ್ನು ಹೊಡೆದು, ಪಕ್ಕದಲ್ಲಿ ಅಂದವಾದ ಅಕ್ಷರದಲ್ಲಿ ಪ್ಲಸ್ ಏಳು ಎಂದು ತಿದ್ದಿದ್ದರು. ಅವರೂ ಯಾವುದೋ ಕಾಲದಲ್ಲಿ ಯಾವುದೋ ಮಿಸ್ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡವರೇ.

"ಹೋಗಿ ವಾದ ಮಾಡಬೇಡ," ಮಿಸ್ತ್ರಿಗಳು ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದರು. "ತೋರಿಸು."

ಮ್ಯಾನೇಜರು ಫೈಲಿನಿಂದ ತಲೆ ಎತ್ತಿದರು. "ಏನಮ್ಮ? ಒಂದು ಅಂಕಕ್ಕೆಲ್ಲ ಶಿಫಾರಸು ಬೇಡ."

"ಶಿಫಾರಸು ಅಲ್ಲ ಸರ್. ಈ ಮೂರು ಉತ್ತರ ನಾನು ಬರೆದದ್ದೇ ಸರಿ."

"ಎರಡು ಮೈನಸ್ ಸೇರಿದ್ರೆ ಪ್ಲಸ್ ಅಂತ ಮಕ್ಕಳಿಗೂ ಗೊತ್ತಮ್ಮ."

"ಮಕ್ಕಳಿಗೆ ಗೊತ್ತು ಸರ್. ನಮ್ಮನೇಲೂ ಒಂದಿದೆ. ನಿಮ್ಮ ಕನ್ನಡಕ ಒಂದು ನಿಮಿಷ ಕೊಡ್ತೀರಾ?"

ಅವರು ಅನುಮಾನದಿಂದಲೇ ತೆಗೆದು ಕೊಟ್ಟರು. "ಇದು ಎರಡೂ ಕಣ್ಣಿಗೆ ಮೈನಸ್ ಮೂರು ಸರ್. ಲಕೋಟೆ ಮೇಲೆ ಬರೆದದ್ದು ನಾನೇ. ಇದರ ಮೇಲೆ ಮೈನಸ್ ನಾಲ್ಕು ಇಡ್ತೀನಿ. ನಿಮ್ಮ ಲೆಕ್ಕದಲ್ಲಿ ಇದೀಗ ಪ್ಲಸ್ ಏಳು. ಪ್ಲಸ್ ಏಳು ಅಂದ್ರೆ ಭೂತಗನ್ನಡಿ. ಅಕ್ಷರ ದೊಡ್ಡದಾಗಿ ಕಾಣಬೇಕು. ನೋಡಿ."

ಎರಡು ಗಾಜನ್ನೂ ಸೇರಿಸಿ ಫೈಲಿನ ಮೇಲೆ ಹಿಡಿದಳು. ಮ್ಯಾನೇಜರು ಬಗ್ಗಿದರು. ಅವರದೇ ಸಹಿ ಇರುವೆಯಷ್ಟಾಗಿ ಕೂತಿತ್ತು.

"ಸಣ್ಣದಾಯ್ತಲ್ಲ!"

"ಈಗ ಇದರ ಮೇಲೆ ನಿಜವಾದ ಪ್ಲಸ್ ಏಳು." ಮೂರನೇ ಗಾಜು ಇಟ್ಟಳು. ಸಹಿ ಮೊದಲಿನ ಗಾತ್ರಕ್ಕೆ ಬಂತು. ಕೈ ಅತ್ತಿತ್ತ ಆಡಿಸಿದಳು, ಅಕ್ಷರ ಕದಲಲಿಲ್ಲ. "ಪ್ಲಸ್ ಏಳು ಸೇರಿ ಸೊನ್ನೆಯಾಯ್ತು ಸರ್. ಅಂದ್ರೆ ಅದಕ್ಕೆ ಮುಂಚೆ ಇದ್ದದ್ದು ಎಷ್ಟು?"

ಮ್ಯಾನೇಜರು ಗಾಜುಗಳನ್ನು ತಾವೇ ಇಸಿದುಕೊಂಡರು. ಒಂದು ತೆಗೆದು ನೋಡಿದರು, ಎರಡು ಇಟ್ಟು ನೋಡಿದರು, ಪಕ್ಕದ ಕ್ಯಾಲೆಂಡರಿನ ಮೇಲೆ ಹಿಡಿದು ನೋಡಿದರು. ಕಡೆಗೆ ಕನ್ನಡಕ ಮೂಗಿಗೇರಿಸಿ, ಕೆಂಪು ಪೆನ್ನು ತೆಗೆದು, ತಮ್ಮ ಮೂರು ಗೀಟುಗಳ ಮೇಲೆ ತಾವೇ ಗೀಟು ಎಳೆದರು.

"ಹದಿನೆಂಟು. ಬರುವ ತಿಂಗಳ ಮೊದಲನೇ ತಾರೀಕಿಂದ ಆ ಮೇಜು ನಿಮ್ಮದು." ಅವಳು ಕದಲಲಿಲ್ಲ. "ಇನ್ನೇನಮ್ಮ?"

"ಇನ್ನೆರಡು ನಿಜವಾಗ್ಲೂ ನಾನೇ ತಪ್ಪಿದ್ದು ಸರ್."

"ಪಾಸಾಯ್ತಲ್ಲ! ಬಿಡಿ."

"ಹೇಗೆ ಬಿಡ್ಲಿ ಸರ್? ನಾಳೆ ಅದು ಯಾರದೋ ಕಣ್ಣಿನ ಮೇಲೆ ಕೂರುತ್ತೆ. ಒಂದು ಪೆನ್ನು ಕೊಡಿ."

ನಿಂತಲ್ಲೇ ಮೇಜಿನ ಮೂಲೆಗೆ ಬಗ್ಗಿ ಬರೆದಳು. ಮೈನಸ್ ಒಂಬತ್ತಕ್ಕೆ ಪ್ಲಸ್ ಆರು: ಮೈನಸ್ ಮೂರು. ಅಲ್ಲಿ ಮೈನಸ್ ಗೀಟು ಹಾಕುವುದನ್ನೇ ಮರೆತಿದ್ದಳು. ಪ್ಲಸ್ ಐದಕ್ಕೆ ಮೈನಸ್ ಹನ್ನೆರಡು: ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಮೈನಸ್ ಏಳು. ಮ್ಯಾನೇಜರು ಅನುಮಾನಿಸುತ್ತಾ ಪೆಟ್ಟಿಗೆಯ ಕಡೆ ಕೈ ಚಾಚಿದರು. ಅವಳು ಮುಚ್ಚಳ ಹಾಕಿದಳು. "ಇದಕ್ಕೆ ಗಾಜು ಬೇಡ ಸರ್. ಸರಿ ಇದೆ."

ಪೆನ್ನು ವಾಪಸು ಕೊಟ್ಟು, ಪೆಟ್ಟಿಗೆ ಕಂಕುಳಲ್ಲಿಟ್ಟು ಬಿರಬಿರನೆ ಹೊರಟಳು. ಮಿಸ್ತ್ರಿಗಳು ಇನ್ನು ಎಂಟು ದಿನ ಮಾತ್ರ ಇರುತ್ತಿದ್ದರು. ಅಷ್ಟರೊಳಗೆ ಅಂಚು ತೇಯುವುದನ್ನು ಕಲಿಯಬೇಕಿತ್ತು.