ಮುಂಗೈ ಮೇಲಿನ ಪಾಠ

ಯಲಬುರ್ಗಾದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಸರ್‌ಗೆ ಕರಿಹಲಗೆ ಬೇಕಿರಲಿಲ್ಲ. ಅವರದು ಗೀರಿದರೆ ಉಬ್ಬುವ ಚರ್ಮ. ಅಂಗಿಯ ತೋಳು ಮಡಚಿ, ಪೆನ್ನಿನ ಮುಚ್ಚಳದಿಂದ ಮುಂಗೈ ಮೇಲೆ ‘ನ್ಯೂರೋಪೆಪ್ಟೈಡ್’ ಎಂದು ಬರೆದು ಕೈಯನ್ನು ನಮ್ಮತ್ತ ಹಿಡಿಯುತ್ತಿದ್ದರು. ಎರಡು ಮೂರು ನಿಮಿಷದಲ್ಲಿ ಅಕ್ಷರಗಳು ಕೆಂಪಗೆ ಏಳುತ್ತಿದ್ದವು.

“ನೋಡ್ರಪಾ, ನರ ಸುದ್ದಿ ಮುಟ್ಟಿಸ್ತು, ಕಾವಲಿನವ್ರು ಎದ್ರು!”

ಆ ಉದ್ದ ಹೆಸರಿನ ರಾಸಾಯನಿಕ ನರದ ತುದಿಯಿಂದ ಸುದ್ದಿ ಒಯ್ಯುತ್ತದೆ. ಕಾವಲಿನವರೆಂದರೆ ರೋಗದ ವಿರುದ್ಧ ಹೊಡೆದಾಡುವ ಜೀವಕೋಶಗಳು. “ಮನಸಿಗೆ ಗಾಬರಿ ಆದ್ರೂ ಇದ ಟಪಾಲು ಹೋಗ್ತೈತಿ. ಗಾಬರಿ ಜಾಸ್ತಿ ಆದ್ರ ಈ ಕಾವಲಿನವ್ರ ಗದ್ದಲಾನೂ ಜಾಸ್ತಿ, ಬಾವೂ ಜಾಸ್ತಿ,” ಎನ್ನುತ್ತಿದ್ದರು.

ಒಮ್ಮೆ ಕೊಪ್ಪಳದಿಂದ ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಸರ್ ಅವರ ಕೆಲಸ ಕಾಯಂ ಆಗುವುದು ಈ ಸಾಹೇಬರ ಒಂದು ಮಾತಿನ ಮೇಲಿತ್ತು. ಸರ್ ನಗುನಗುತ್ತಲೇ ಮುಂಗೈ ಮೇಲೆ ಬರೆದರು. ಅಂದು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಕ್ಷರಗಳು ಜೇನು ಕಚ್ಚಿದ ಹಾಗೆ ದಪ್ಪಗೆ ಉಬ್ಬಿದವು. ಹಿಂದಿನ ಬೆಂಚಿನಿಂದಲೂ ಓದಬಹುದಿತ್ತು.

ಪಾಠ ಮುಗಿದಾಗ ಸಾಹೇಬರು ಎದ್ದು ಬಂದು ಬೆನ್ನು ತಟ್ಟಿದರು. “ಒಂದೀಟೂ ಅಳುಕಿಲ್ದ ಮಾಡಿದ್ರಿ ಬಿಡ್ರಿ, ಭಾಳ ಛಲೋ ಆತು.”

“ಅಳುಕ್ಯಾಕ್ರಿ ಸಾಹೇಬ್ರ?” ಎನ್ನುತ್ತಾ ಸರ್ ಮೆಲ್ಲಗೆ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು.