ಆಸ್ಟ್ರೇಯಸ್ಸನಿಗೆ ಕೊಟ್ಟ ಮೊದಲ ಲಗ್ನಪತ್ರಿಕೆ

ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಚಂದ್ರಪ್ಪನವರಿಗೆ ಗಾಳಿಯನ್ನು ಕಂಡರೆ ಆಗದು. ದಾವಣಗೆರೆಯಿಂದ ಕಡಲು ದಾಟಿ ಇಲ್ಲಿಗೆ ಬಂದು ಮೂವತ್ತು ವರ್ಷ ಟೆಲಿಫೋನ್ ಟವರ್ ನೋಡಿಕೊಂಡವರು. ಅವರು ನೆಟ್ಟಗೆ ನಿಲ್ಲಿಸಿದ ಆಂಟೆನಾವನ್ನು ಮರುಭೂಮಿ ಕಡೆಯ ಸಾಂತಾ ಆನಾ ಗಾಳಿ ಪ್ರತಿ ಅಕ್ಟೋಬರಿನಲ್ಲೂ ಸೊಟ್ಟ ಮಾಡಿ ಹೋಗುತ್ತಿತ್ತು. ರಿಟೈರಾದ ಮೇಲೂ ಆ ಸಿಟ್ಟು ಇಳಿದಿರಲಿಲ್ಲ.

ಹೀಗಿರುವಾಗ ಸ್ಯಾನ್ ಪೀಡ್ರೊದ ಗರಾಜ್ ಸೇಲಿನಲ್ಲಿ ಯಾರದೋ ಮನೆಯ ಹಳೇ ಸಾಮಾನಿನ ನಡುವೆ ಗಡ್ಡದ ಗ್ರೀಕ್ ದೇವರ ವಿಗ್ರಹವೊಂದು ಸಿಕ್ಕಿತು. ಹೆಸರು ಆಸ್ಟ್ರೇಯಸ್. ನಕ್ಷತ್ರಗಳಿಗೆ ಅಪ್ಪ, ನಾಲ್ಕು ದಿಕ್ಕಿನ ಗಾಳಿಗಳಿಗೂ ಅಪ್ಪ. ಇಷ್ಟು ಮಕ್ಕಳನ್ನು ಹುಟ್ಟಿಸಿದ್ದು ಬಿಟ್ಟರೆ ಬೇರೇನು ಕೆಲಸ ಮಾಡಿದನೋ ಯಾರಿಗೂ ಗೊತ್ತಿಲ್ಲ.

"ಮೈಮೇಲೆ ನೆಟ್ಟಗೆ ಬಟ್ಟೆ ಇಲ್ಲ, ಇವನನ್ನ ದೇವರ ಮನೇಲಿ ಇಡ್ತೀರಾ?" ಎಂದರು ಹೆಂಡತಿ ಉಷಾ. ಆಮೇಲೆ ತಾವೇ ಒಂದು ಬ್ಲೌಸ್ ಪೀಸ್ ಸುತ್ತಿ ಗಣಪತಿಯ ಪಕ್ಕ ಕೂರಿಸಿದರು.

೨೦೨೧ರ ಅಕ್ಟೋಬರಿನಲ್ಲಿ ಮಗಳು ಸಿಂಧೂರಳ ಮದುವೆ. ಅವಳಿಗೂ ಹುಡುಗ ರಜತ್‌ಗೂ ಕೋರ್ಟಿನಲ್ಲಿ ಸಹಿ ಹಾಕಿದರೆ ಸಾಕಿತ್ತು. ಚಂದ್ರಪ್ಪನವರೇ ಅಂಗಲಾಚಿದರು. ಹಿತ್ತಲಲ್ಲಿ ಒಂದು ಮಂಟಪ, ಅದರಡಿ ತಮ್ಮ ಕೈಯಿಂದ ಧಾರೆ, ಅಷ್ಟೇ. "ಫೈನ್, ಅಪ್ಪ" ಎಂದಳು.

ಮಂಟಪ ಹಾರದಿರಲಿ ಎಂದು ಮೊದಲ ಲಗ್ನಪತ್ರಿಕೆಗೆ ಅರಿಸಿನ ಕುಂಕುಮ ಹಚ್ಚಿ ಆಸ್ಟ್ರೇಯಸ್ಸನ ಮುಂದಿಟ್ಟರು. ಮರ್ಯಾದೆಯಾಗಿ ಪೂರ್ತಿ ಓದಿಯೂ ಹೇಳಿದರು.

ಮದುವೆಯ ಬೆಳಿಗ್ಗೆ ಒಂಬತ್ತಕ್ಕೆ ಗಾಳಿ ಎದ್ದಿತು. ಮೊದಲು ಪೂರ್ವದ್ದು, ಆಮೇಲೆ ಎಲ್ಲ ಕಡೆಯದ್ದೂ. ಬಾಳೆಕಂದು ಪಕ್ಕದ ಮನೆಯ ಈಜುಕೊಳಕ್ಕೆ ಬಿತ್ತು. ಪುರೋಹಿತರ ಮಾಸ್ಕ್ ಎಲ್ಲಿ ಹೋಯಿತೋ ಸಿಗಲೇ ಇಲ್ಲ.

ಉಷಾ ಒಳಗೆ ಓಡಿ ಪತ್ರಿಕೆ ತಂದು ಓದಿದರು. "ಏನ್ರೀ ಇದು? 'ಸಕುಟುಂಬ ಸಪರಿವಾರ ಸಮೇತರಾಗಿ' ಅಂತ ಕರೆದಿದೀರಲ್ರೀ! ನಾಲ್ಕೂ ಮಕ್ಕಳನ್ನ ಕಟ್ಕೊಂಡು ಬಂದಿದಾನೆ!"

ನೆಂಟರು ಮಂಟಪದ ಮೂರು ಕಂಬ ಹಿಡಿದಿದ್ದರು, ನಾಲ್ಕನೆಯದನ್ನು ಚಂದ್ರಪ್ಪನವರು ತಬ್ಬಿ ನಿಂತಿದ್ದರು. ಬೇರೆಯವರ ಕೈಗೆ ಕೊಡಲು ಟವರ್ ಮನುಷ್ಯನಿಗೆ ನಂಬಿಕೆ ಸಾಲದು. ಮುಹೂರ್ತ ಬಂತು. ಬಿಟ್ಟರೆ ಮಂಟಪ ಇಲ್ಲ, ಬಿಡದಿದ್ದರೆ ಧಾರೆ ಇಲ್ಲ. ಅರವತ್ತೇಳರ ಮನುಷ್ಯ ಎಲ್ಲರೆದುರು ಅತ್ತುಬಿಟ್ಟರು.

ಯಾವ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರಿಸುವ ಸಿಂಧೂರ ಮಣೆಯಿಂದ ಎದ್ದಳು. "ಅಪ್ಪ, ಕಂಬ ಬಿಡ್ಬೇಡಿ. ನಾವೇ ಬರ್ತೀವಿ" ಎಂದು ರಜತ್‌ನ ಕೈ ಹಿಡಿದು ಅವರ ಮುಂದೆ ಬಂದು ನಿಂತಳು. ಒಂದು ತೋಳಲ್ಲಿ ಕಂಬ ತಬ್ಬಿಕೊಂಡೇ ಚಂದ್ರಪ್ಪನವರು ಉಷಾ ಜೊತೆ ಧಾರೆ ಎರೆದರು. ಅರ್ಧ ನೀರು ಪುರೋಹಿತರ ಮುಖಕ್ಕೆ ಹೋಯಿತು.

ಊಟ ಗರಾಜಿನಲ್ಲಿ. ಚಂದ್ರಪ್ಪನವರು ಐದು ಎಲೆ ಹೆಚ್ಚಿಗೆ ಹಾಕಿಸಿದರು.

"ಯಾರಿಗ್ರೀ?" ಎಂದರು ಉಷಾ.

"ಕರೆದೋನು ನಾನೇ ಅಲ್ವೇನೆ? ಬಡಿಸು."